ಕಿರುತೆರೆಯ ಪ್ರಶ್ನೋತ್ತರ: ಧಾರಾವಾಹಿಗೂ ಒಂದು ಊರು ಬೇಕು

ಕಕ್ಕಡ ಮಾಸದ ಮಳೆ ಹಿಡಿದು ಕೂತಾಗ ಕೊಡಗಿನ ಮನೆಗಳಲ್ಲಿ ಟಿ.ವಿ. ಹೆಚ್ಚು ಹೊತ್ತು ನಡೆಯುತ್ತದೆ ಎಂಬುದಕ್ಕೆ ಈ ಸಂಚಿಕೆಗೆ ಬಂದ ಪತ್ರಗಳೇ ಸಾಕ್ಷಿ. ಧಾರಾವಾಹಿಗಳ ಕುರಿತು ಇಷ್ಟೊಂದು ಪ್ರಶ್ನೆಗಳು ಒಮ್ಮೆಗೇ ಬಂದದ್ದು ಅಪರೂಪ. ಆದ್ದರಿಂದ ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಕಿರುತೆರೆಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಮ್ಮ ಕೊಡಗಿನಲ್ಲೇ ನಡೆಯಿತೆಂದು ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಆ ಹೆಂಚಿನ ಮನೆ, ಜಗಲಿ, ಒದ್ದೆ ರಸ್ತೆ ನೋಡಿದರೆ ನನಗೂ ಹಾಗೆಯೇ ಅನ್ನಿಸುತ್ತದೆ. ನಿಜವೇ?
(ಓದುಗರು, ನಾಪೋಕ್ಲು)

ಉತ್ತರ: ನಿಜವಲ್ಲ, ಆದರೆ ನಿಮ್ಮ ಚಿಕ್ಕಪ್ಪನವರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಶಂಕರ್ ನಾಗ್ ಈ ಧಾರಾವಾಹಿಯ ಬಹುಭಾಗವನ್ನು ಚಿತ್ರಿಸಿದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಕಥೆಯ ಹುಡುಗ ಸ್ವಾಮಿಯ ಮನೆಯಾಗಿ ನಾವು ಕಂಡದ್ದು ಅಲ್ಲಿನ ‘ದೊಡ್ಡಮನೆ’. ಆಗುಂಬೆಗೆ ರೈಲು ಇಲ್ಲ. ಹಾಗಾಗಿ ರೈಲು ನಿಲ್ದಾಣದ ದೃಶ್ಯಗಳಿಗೆ ಅದೇ ಜಿಲ್ಲೆಯ ಅರಸಾಳು ನಿಲ್ದಾಣವನ್ನು ಆರಿಸಿಕೊಂಡರು. ಆ ಹಳೆಯ ನಿಲ್ದಾಣದ ಕಟ್ಟಡ ಈಗ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆರ್.ಕೆ. ನಾರಾಯಣ್ ಅವರ ಕಥೆಗಳ ಮಾಲ್ಗುಡಿ ಮಲೆನಾಡಿನ ಊರಲ್ಲ. ಅದು ಸರಯೂ ಎಂಬ ಕಾಲ್ಪನಿಕ ನದಿಯ ದಡದಲ್ಲಿರುವ, ಮದರಾಸಿನ ನಂಟು ಇಟ್ಟುಕೊಂಡಿರುವ, ಬಿಸಿಲು ಕಾಯುವ ಊರು. ಅಂಥ ಊರನ್ನು ಶಂಕರ್ ನಾಗ್ ಘಟ್ಟದ ಅಂಚಿಗೆ ತಂದು, ದೇಶದಲ್ಲೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಆಗುಂಬೆಯಲ್ಲಿ ನೆಲೆಗೊಳಿಸಿದರು. ಕಲಾ ನಿರ್ದೇಶನದ ಹೊಣೆ ಹೊತ್ತ ಜಾನ್ ದೇವರಾಜ್ ಅವರು ಇಡೀ ಊರನ್ನೇ ಸೆಟ್ಟಿನಂತೆ ಬಳಸಿಕೊಂಡರು. ಓದಿದವರು ಯಾರೂ ‘ಇದು ನಮ್ಮ ಮಾಲ್ಗುಡಿಯಲ್ಲ’ ಎಂದು ಜಗಳ ತೆಗೆಯಲಿಲ್ಲ. ಏಕೆಂದರೆ ತೆರೆಯ ಮೇಲೆ ಕಾಣುತ್ತಿದ್ದದ್ದು ಜನ ಬದುಕಿದ್ದ ಊರು: ಜಗಲಿಯ ಕಂಬ ಕೈ ತಾಗಿ ತಾಗಿ ನುಣುಪಾಗಿತ್ತು, ಗೋಡೆಯ ಬುಡದಲ್ಲಿ ಮಳೆಯ ಕೆಸರು ಸಿಡಿದ ಗುರುತಿತ್ತು. ಅಂಥ ಗುರುತುಗಳನ್ನು ಬಣ್ಣ ಬಳಿದು ತರಿಸಲು ಸಾಧ್ಯವಿಲ್ಲ. ಮಡಿಕೇರಿಯವರಿಗೆ ಅದು ಮಡಿಕೇರಿಯಾಗಿಯೂ ಸಾಗರದವರಿಗೆ ಸಾಗರವಾಗಿಯೂ ಕಂಡದ್ದು ಈ ಕಾರಣಕ್ಕೆ ಎಂದು ನಾನು ನಂಬಿದ್ದೇನೆ.

1986ರಿಂದ ದೂರದರ್ಶನದಲ್ಲಿ ಬಂದ ಈ ಧಾರಾವಾಹಿಗೆ ಸಂಗೀತ ಕೊಟ್ಟವರು ಎಲ್. ವೈದ್ಯನಾಥನ್, ಶೀರ್ಷಿಕೆಯ ಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್, ಸ್ವಾಮಿಯಾದವನು ಮಾಸ್ಟರ್ ಮಂಜುನಾಥ್, ಸ್ವಾಮಿಯ ಕಟ್ಟುನಿಟ್ಟಿನ ತಂದೆಯಾದವರು ಗಿರೀಶ್ ಕಾರ್ನಾಡ್. ವಿಷ್ಣುವರ್ಧನ್ ಅವರೂ ಒಂದು ಕಥೆಯಲ್ಲಿ ಅಭಿನಯಿಸಿದ್ದಾರೆ ಎಂಬುದನ್ನು ಇಂದಿನ ಅನೇಕರು ಮರೆತಿದ್ದಾರೆ. ಇಷ್ಟೆಲ್ಲ ಕನ್ನಡಿಗರು ಸೇರಿ ಕನ್ನಡದ ನೆಲದಲ್ಲಿ ಮಾಡಿದ ಈ ಕೆಲಸ ಅಂದು ಮನೆಮನೆಗೆ ಬಂದದ್ದು ಮಾತ್ರ ಹಿಂದಿಯಲ್ಲಿ. ಅದನ್ನು ನೆನೆದಾಗಲೆಲ್ಲ ನನಗೆ ಸಣ್ಣ ನೋವಾಗುತ್ತದೆ.

ಪ್ರಶ್ನೆ: ಧಾರಾವಾಹಿಗಳು ಏಕೆ ಮುಗಿಯುವುದೇ ಇಲ್ಲ? ನಾಯಕಿಯ ಕೊರಳಿಗೆ ತಾಳಿ ಬೀಳಲು ಎರಡು ವಾರ ಬೇಕೇ?
(ಓದುಗರು, ಸೋಮವಾರಪೇಟೆ)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕಳೆದ ತಿಂಗಳು ಒಂದು ಸಂಜೆ ನಾನು ಕೈಯಲ್ಲಿ ನೋಟ್‌ಬುಕ್ ಹಿಡಿದು ಕೂತು, ಒಂದು ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಹೊಡೆದ ಮೇಲೆ ಏನೇನಾಗುತ್ತದೆ ಎಂದು ಗುರುತು ಹಾಕಿಕೊಂಡೆ. ಕೋಣೆಯಲ್ಲಿದ್ದ ಎಂಟು ಮುಖಗಳನ್ನು ಒಂದೊಂದಾಗಿ ತೋರಿಸಿದರು, ಮತ್ತೆ ಅದೇ ಏಟನ್ನು ಬೇರೆ ಕೋನದಿಂದ ತೋರಿಸಿದರು, ಮತ್ತೆ ಎಂಟು ಮುಖಗಳು ಬಂದವು. ಅಷ್ಟರಲ್ಲಿ ಜಾಹೀರಾತು ಬಂತು, ಜಾಹೀರಾತು ಮುಗಿದ ಮೇಲೆ ಮೊದಲಿನಿಂದ ಅದೇ ಏಟು.

ಇದರ ಹಿಂದಿನ ವ್ಯವಹಾರ ಹೀಗಿದೆ. ಹಿಂದೆ ದೂರದರ್ಶನ ಸಾಮಾನ್ಯವಾಗಿ ಹದಿಮೂರು ವಾರಗಳ ಲೆಕ್ಕದಲ್ಲಿ ಧಾರಾವಾಹಿಗಳಿಗೆ ಒಪ್ಪಿಗೆ ಕೊಡುತ್ತಿತ್ತು. ವಾರಕ್ಕೊಂದು ಕಂತು, ಹದಿಮೂರು ಕಂತು ಎಂದರೆ ಬರೆಯುವವರಿಗೆ ಕೊನೆ ಎಲ್ಲಿದೆ ಎಂದು ಮೊದಲೇ ಗೊತ್ತಿರುತ್ತಿತ್ತು. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದಂತೆ ಧಾರಾವಾಹಿಗಳು ದಿನದ ಲೆಕ್ಕಕ್ಕೆ ತಿರುಗಿದವು. ಅರ್ಧ ಗಂಟೆಯ ಅವಧಿಯಲ್ಲಿ ಕಥೆಗೆ ಸಿಗುವುದು ಸುಮಾರು 22 ನಿಮಿಷ, ಉಳಿದದ್ದು ಜಾಹೀರಾತಿಗೆ. ಜಾಹೀರಾತಿನ ದರವನ್ನು ನಿರ್ಧರಿಸುವುದು ಟಿ.ಆರ್.ಪಿ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆ ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಯಂತ್ರ ಇಟ್ಟಿರುತ್ತದೆ. ವಾಹಿನಿಯ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತನ್ನು ಸೇರಿಸಿರುತ್ತಾರೆ, ಯಂತ್ರ ಆ ಗುರುತನ್ನು ಹಿಡಿಯುತ್ತದೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂದು ತಿಳಿಸಲು ಪ್ರತಿಯೊಬ್ಬ ಸದಸ್ಯನಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ ಇರುತ್ತದೆ. ವಾರಕ್ಕೊಮ್ಮೆ ಅಂಕಿ ಬರುತ್ತದೆ. ಅಂಕಿ ಚೆನ್ನಾಗಿರುವ ಕಥೆಯನ್ನು ಮುಗಿಸುವ ಧೈರ್ಯ ಯಾವ ವಾಹಿನಿಗೂ ಬರುವುದಿಲ್ಲ. ‘ಅಗ್ನಿಸಾಕ್ಷಿ’ 1,500 ಕಂತುಗಳನ್ನು ದಾಟಿದ್ದು ಹೀಗೆಯೇ.

ಆದರೂ ತಪ್ಪನ್ನೆಲ್ಲ ಮಾಡುವವರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಧಾರಾವಾಹಿ ನೋಡುವವರಲ್ಲಿ ಹೆಚ್ಚಿನವರು ನಿಜವಾಗಿ ಅದನ್ನು ಕೇಳುತ್ತಿರುತ್ತಾರೆ. ಅವರು ಅಡುಗೆಮನೆಯಲ್ಲಿ ಕಡುಬಿನ ಪಾತ್ರೆ ಒಲೆಯ ಮೇಲಿಟ್ಟು, ನಡುನಡುವೆ ಬಾಗಿಲಿಗೆ ಬಂದು ಇಣುಕಿ ಹೋಗುವವರು. ಒಂದು ಮಾತನ್ನು ಮೂರು ಸಲ ಹೇಳುವುದು, ಸಂಗೀತವನ್ನು ಅಷ್ಟು ಜೋರಾಗಿ ಬಾರಿಸುವುದು, ಏಟನ್ನು ಎರಡು ಸಲ ತೋರಿಸುವುದು, ಇದೆಲ್ಲ ಬಾಗಿಲಲ್ಲಿ ನಿಂತ ಆ ಹೆಂಗಸಿಗಾಗಿ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ನಾಲ್ಕನೆಯ ದಿನ ಕಥೆ ಅಲ್ಲೇ ಸಿಗುತ್ತದೆ ಎಂಬ ನೆಮ್ಮದಿಯನ್ನು ನಮ್ಮ ಜಿಲ್ಲೆಯ ಅನೇಕರು ನನ್ನಲ್ಲಿ ಹೇಳಿಕೊಂಡಿದ್ದಾರೆ. ನನ್ನ ಆಕ್ಷೇಪ ನಿಧಾನದ ಬಗ್ಗೆ ಅಲ್ಲ, ಆ ನಿಧಾನದಲ್ಲಿ ನೋಡಲು ಏನೂ ಇಲ್ಲದಿರುವ ಬಗ್ಗೆ. ನೂರು ಕಂತು ಕಳೆದರೂ ಆ ಮನೆ ಯಾವ ಊರಿನಲ್ಲಿದೆ, ಅಲ್ಲಿಗೆ ಹಾಲು ಎಲ್ಲಿಂದ ಬರುತ್ತದೆ, ಆ ಮನೆಯ ಯಜಮಾನ ಏನು ವ್ಯಾಪಾರ ಮಾಡುತ್ತಾನೆ ಎಂದು ನಮಗೆ ತಿಳಿಯುವುದಿಲ್ಲ.

ಪ್ರಶ್ನೆ: ಸಿಹಿಕಹಿ ಚಂದ್ರು ಅವರ ಹೆಸರಿನ ಹಿಂದೆ ‘ಸಿಹಿಕಹಿ’ ಎಂದು ಏಕಿದೆ?
(ವಿದ್ಯಾರ್ಥಿನಿ, ಶನಿವಾರಸಂತೆ)

ಉತ್ತರ: ದೂರದರ್ಶನದ ಆರಂಭದ ದಿನಗಳಲ್ಲಿ ಬಂದ ‘ಸಿಹಿ ಕಹಿ’ ಎಂಬ ಕನ್ನಡ ಧಾರಾವಾಹಿಯಿಂದ ಆ ಹೆಸರು ಅಂಟಿಕೊಂಡಿತು. ಅವರ ಪತ್ನಿ ಗೀತಾ ಅವರಿಗೂ ಅದೇ ವಿಶೇಷಣ. ಮುಂದೆ ಈಟಿವಿಯಲ್ಲಿ ಮನೆಮಾತಾದ ‘ಪಾಪ ಪಾಂಡು’ವಿನ ಹಿಂದೆಯೂ ಚಂದ್ರು ಅವರಿದ್ದರು.

ಪ್ರಶ್ನೆ: ಈಗಿನ ಕನ್ನಡ ಧಾರಾವಾಹಿಗಳಲ್ಲಿ ರೀಮೇಕ್ ಎಷ್ಟು, ಸ್ವಂತದ್ದು ಎಷ್ಟು? ರೀಮೇಕ್ ಆದರೆ ತಪ್ಪೇನು?
(ಓದುಗರು, ಗೋಣಿಕೊಪ್ಪಲು)

ಉತ್ತರ: ಹೆಸರಾದ ಹಲವು ಧಾರಾವಾಹಿಗಳು ಬೇರೆ ಭಾಷೆಯಿಂದ ಬಂದವು. ‘ಪುಟ್ಟಗೌರಿ ಮದುವೆ’ಯ ಮೂಲ ಹಿಂದಿಯ ‘ಬಾಲಿಕಾ ವಧು’, ‘ಜೊತೆಜೊತೆಯಲಿ’ಯ ಮೂಲ ಮರಾಠಿಯ ‘ತುಲಾ ಪಾಹತೇ ರೇ’, ‘ಪುಟ್ಟಕ್ಕನ ಮಕ್ಕಳು’ ಬಂದದ್ದು ತೆಲುಗಿನ ‘ರಾಧಮ್ಮ ಕೂತುರು’ವಿನಿಂದ, ‘ಅಮೃತಧಾರೆ’ಗೆ ಆಧಾರ ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’.

ರೀಮೇಕ್ ಆದ ಮಾತ್ರಕ್ಕೆ ತಪ್ಪಿಲ್ಲ. ನಮ್ಮ ಕಂಪೆನಿ ನಾಟಕಗಳಿಂದ ಹಿಡಿದು ಎಲ್ಲ ಕಲೆಯೂ ಕೊಂಡು ತಂದು ತನ್ನದಾಗಿ ಮಾಡಿಕೊಂಡೇ ಬೆಳೆದಿದೆ. ಪ್ರಶ್ನೆ ಇರುವುದು ‘ತನ್ನದಾಗಿ ಮಾಡಿಕೊಂಡಿತೇ’ ಎಂಬಲ್ಲಿ. ರಾಜಸ್ಥಾನದ ಬಾಲ್ಯವಿವಾಹದ ಕಥೆಯನ್ನು ಕರ್ನಾಟಕಕ್ಕೆ ತರುವಾಗ ಇಲ್ಲಿನ ಯಾವ ತಾಲ್ಲೂಕಿನ, ಯಾವ ಜನರ, ಯಾವ ಕಾಲದ ಕಥೆ ಎಂದು ಕೇಳಿಕೊಂಡು ಮರಳಿ ಬರೆಯಬೇಕು. ಸೀರೆ ಉಡಿಸುವ ರೀತಿ ಬದಲಿಸಿ, ಹೆಸರು ಬದಲಿಸಿದರೆ ಸಾಲದು. ‘ಪುಟ್ಟಕ್ಕನ ಮಕ್ಕಳು’ ಮೂಲದಿಂದ ಬಂದದ್ದಾದರೂ ಉಮಾಶ್ರೀಯವರು ಮೆಸ್ಸಿನಲ್ಲಿ ಸೌಟು ಹಿಡಿದು ನಿಲ್ಲುವ ಬಗೆಯಲ್ಲಿ, ಒಂದು ಮಾತನ್ನು ನುಂಗಿ ಇನ್ನೊಂದನ್ನು ಆಡುವ ಬಗೆಯಲ್ಲಿ ಅದು ಕನ್ನಡದ್ದಾಯಿತು. ಅಂಥ ಒಬ್ಬ ನಟಿ ಸಿಗದಿದ್ದಾಗ ಕಥೆ ಊರಿಲ್ಲದೆ ಉಳಿಯುತ್ತದೆ.

ಊರಿರುವ ಧಾರಾವಾಹಿಗೆ ನೀವು ಉದಾಹರಣೆ ಕೇಳಿದರೆ ನಾನು ಎರಡನ್ನು ಹೇಳುತ್ತೇನೆ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕರಾವಳಿಯ ಹಳ್ಳಿಯೊಂದನ್ನು ಹಾಗೆಯೇ ಎತ್ತಿ ತಂದಿತ್ತು. ಕನ್ನಡ ಧಾರಾವಾಹಿಯಾದರೂ ಅದರ ಶೀರ್ಷಿಕೆ ಗೀತೆ ತುಳುವಿನಲ್ಲಿತ್ತು, ಅರ್ಥವಾಗದ ನಮ್ಮ ಮಕ್ಕಳೂ ಆ ‘ಡೆನ್ನಾನ ಡೆನ್ನಾನ’ವನ್ನು ಗುನುಗುತ್ತ ತೋಟದ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು. ಮುಂದೆ ದೊಡ್ಡ ನಟರಾದ ಪ್ರಕಾಶ್ ರೈ ಅದರಲ್ಲಿ ಅಭಿನಯಿಸಿದ್ದರು. ಇನ್ನೊಂದು, ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಈಟಿವಿಗೆ ಮಾಡಿದ ‘ಗೃಹಭಂಗ’. ನಂಜಮ್ಮನಾಗಿ ಮಾಳವಿಕಾ ಅವರನ್ನು ಕಂಡವರು ಆ ಬಯಲುಸೀಮೆಯ ಮನೆಯನ್ನೂ ಪ್ಲೇಗಿನ ಭಯವನ್ನೂ ಮರೆಯಲಾರರು.

ಪ್ರಶ್ನೆ: ‘ಮಾಯಾಮೃಗ’ದ ಶೀರ್ಷಿಕೆ ಗೀತೆ ಯಾರದ್ದು? ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಅಷ್ಟು ಚೆನ್ನಾಗಿರಲು ಕಾರಣವೇನು?
(ನಿವೃತ್ತ ಶಿಕ್ಷಕರು, ವಿರಾಜಪೇಟೆ)

ಉತ್ತರ: ಗೀತೆ ಎಚ್.ಎಸ್. ವೆಂಕಟೇಶಮೂರ್ತಿಯವರದ್ದು, ಸಂಗೀತ ಸಿ. ಅಶ್ವತ್ಥ್ ಅವರದ್ದು. 1998ರಲ್ಲಿ ಚಂದನದಲ್ಲಿ ಪ್ರಸಾರವಾದ ಆ ಧಾರಾವಾಹಿಯ ನಿರ್ದೇಶನದಲ್ಲಿ ಸೀತಾರಾಮ್ ಅವರೊಂದಿಗೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಇದ್ದರು. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಹೆಸರಿನಲ್ಲಿ ಕಥೆ ಮುಂದುವರಿಯಿತು.

ಸೀತಾರಾಮ್ ಅವರು ಕಾನೂನು ಓದಿದವರು, ನಾಟಕಕಾರರು, ಸಿ.ಎಸ್.ಪಿ. ಎಂಬ ವಕೀಲನ ಪಾತ್ರದಲ್ಲಿ ಅವರೇ ಕರಿಕೋಟು ತೊಟ್ಟು ನಿಂತರು. ಆದರೆ ಕಾನೂನಿನ ತಿಳಿವಳಿಕೆಯೊಂದೇ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ನ್ಯಾಯಾಲಯದಲ್ಲಿ ಎದುರಾಳಿಗೂ ಒಳ್ಳೆಯ ಮಾತು ಸಿಗುತ್ತಿತ್ತು. ಸಾಕ್ಷಿ ಕಟಕಟೆಯಲ್ಲಿ ಸುಳ್ಳು ಹೇಳುವವನಿಗೂ ಸುಳ್ಳು ಹೇಳಲು ಒಂದು ಸಂಕಟ ಇರುತ್ತಿತ್ತು, ವಕೀಲ ಆ ಸಂಕಟವನ್ನು ಮೆಲ್ಲನೆ ಬಿಡಿಸುತ್ತಿದ್ದ. ಕೂಗಾಟವಿಲ್ಲದೆ ಇಬ್ಬರು ಮಾತಾಡುವುದನ್ನು ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕೇಳಬಹುದು ಎಂದು ಕನ್ನಡದ ವೀಕ್ಷಕರಿಗೆ ಕಲಿಸಿಕೊಟ್ಟದ್ದು ಆ ದೃಶ್ಯಗಳು. ನೀವು ಶಿಕ್ಷಕರಾಗಿದ್ದವರು, ತರಗತಿಯಲ್ಲಿ ದನಿ ತಗ್ಗಿಸಿದಾಗ ಹುಡುಗರು ಹೇಗೆ ಮುಂದಕ್ಕೆ ಬಾಗುತ್ತಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಹಳೆಯ ‘ಮಹಾಭಾರತ’ದಲ್ಲಿ ‘ಸಮಯ’ವಾಗಿ ಮಾತಾಡಿದವರು ಯಾರು? ಅದು ಎಷ್ಟು ಕಂತು ಬಂತು?
(ಓದುಗರು, ಸಿದ್ದಾಪುರ)

ಉತ್ತರ: ಆ ಧ್ವನಿ ಹರೀಶ್ ಭಿಮಾನಿಯವರದ್ದು. ಬಿ.ಆರ್. ಚೋಪ್ರಾ ನಿರ್ಮಿಸಿದ ಆ ಧಾರಾವಾಹಿ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಭಾನುವಾರದ ಬೆಳಗುಗಳಲ್ಲಿ 94 ಕಂತುಗಳಾಗಿ ಬಂತು. ಸಂಭಾಷಣೆ ಬರೆದವರು ರಾಹೀ ಮಾಸೂಮ್ ರಜಾ. ಅದಕ್ಕೂ ಮೊದಲು ಬಂದ ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಂದು ಆರಂಭವಾಗಿತ್ತು.

ನಿಮ್ಮ ಪತ್ರ ನನಗೆ ಒಂದು ಮಳೆಗಾಲವನ್ನು ನೆನಪಿಸಿತು. ಮರ ಬಿದ್ದು ವಾರದಿಂದ ಕರೆಂಟ್ ಇರಲಿಲ್ಲ. ನಮ್ಮದು ಬ್ಯಾಟರಿಯಲ್ಲಿಯೂ ನಡೆಯುವ ಸಣ್ಣ ಕಪ್ಪುಬಿಳುಪು ಟಿ.ವಿ. ನನ್ನ ಮಾವ ಶನಿವಾರ ಸಂಜೆಯೇ ಜೀಪಿನ ಬ್ಯಾಟರಿ ಬಿಚ್ಚಿ, ಗೋಣಿಚೀಲ ಸುತ್ತಿ, ಇಬ್ಬರು ಹಿಡಿದುಕೊಂಡು ಒಳಗೆ ತಂದಿಟ್ಟರು. ಬೆಳಿಗ್ಗೆ ತೋಟದ ಲೈನ್ ಮನೆಗಳಿಂದ ಬಂದವರು ಕೊಡೆಗಳನ್ನು ಜಗಲಿಯಲ್ಲಿ ಸಾಲಾಗಿ ಬಿಚ್ಚಿಟ್ಟು ಒಳಗೆ ಕೂತರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಕನ್ನಡ ಮನೆಮಾತಾಗಿದ್ದ ಆ ಮೂವತ್ತು ಜನರಲ್ಲಿ ಹಿಂದಿ ಸರಿಯಾಗಿ ಬರುತ್ತಿದ್ದದ್ದು ಸೇನೆಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಅಜ್ಜನಿಗೆ ಮಾತ್ರ. ಅವರು ಒಂದೊಂದು ಮಾತಿಗೂ ಅರ್ಥ ಹೇಳುತ್ತಿದ್ದರು, ಆದರೆ ದ್ರೌಪದಿ ಸಭೆಯಲ್ಲಿ ನಿಂತು ಪ್ರಶ್ನೆ ಕೇಳಿದ ದಿನ ಅವರೂ ಸುಮ್ಮನಾದರು. ಯಾರಿಗೂ ಅರ್ಥ ಬೇಕಾಗಲಿಲ್ಲ. ಮಧ್ಯಾಹ್ನ ಜೀಪು ಸ್ಟಾರ್ಟ್ ಆಗದೆ, ಮಹಾಭಾರತ ನೋಡಿದವರೆಲ್ಲ ಸೇರಿ ಅದನ್ನು ಇಳಿಜಾರಿನವರೆಗೆ ತಳ್ಳಿದರು.

ಪ್ರಶ್ನೆ: ಮೈಸೂರಿನ ಸ್ಟುಡಿಯೋದಲ್ಲಿ ಧಾರಾವಾಹಿ ಚಿತ್ರೀಕರಣದ ವೇಳೆ ದೊಡ್ಡ ಬೆಂಕಿ ಬಿದ್ದಿತ್ತೆಂದು ಕೇಳಿದ್ದೇನೆ. ಯಾವುದು ಅದು?
(ಓದುಗರು, ಕುಶಾಲನಗರ)

ಉತ್ತರ: ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹತ್ತಿ 62 ಜನ ತೀರಿಕೊಂಡರು. ನಿರ್ದೇಶಕರೂ ನಟರೂ ಆದ ಸಂಜಯ್ ಖಾನ್ ತೀವ್ರವಾಗಿ ಸುಟ್ಟಗಾಯಗೊಂಡು ಬಹಳ ಕಾಲ ಆಸ್ಪತ್ರೆಯಲ್ಲಿದ್ದರು. ತೆರೆಯ ಮೇಲೆ ನಾವು ನೋಡುವ ಸಂತೋಷದ ಹಿಂದೆ ದೀಪ ಎತ್ತುವವರು, ತಂತಿ ಎಳೆಯುವವರು, ಸೆಟ್ಟು ಹೊಡೆಯುವವರು ಇರುತ್ತಾರೆ; ಅವರ ಹೆಸರು ಶೀರ್ಷಿಕೆಯಲ್ಲಿ ಓಡಿ ಮರೆಯಾಗುತ್ತದೆ. ಈ ದುರಂತವನ್ನು ನೆನಪಿಸಿದ್ದಕ್ಕೆ ನಿಮಗೆ ಕೃತಜ್ಞ.

ಪ್ರಶ್ನೆ: ‘ಅಯ್ಯನ ಮನೆ’ ಎಂಬ ವೆಬ್ ಸರಣಿ ನಮ್ಮ ಐನ್‌ಮನೆಯ ಕುರಿತಾದದ್ದೇ?
(ಓದುಗರು, ಬಾಳೆಲೆ)

ಉತ್ತರ: ಅಲ್ಲ, ಹೆಸರು ಮಾತ್ರ ಕಿವಿಗೆ ಹತ್ತಿರವಾಗಿದೆ. 2025ರಲ್ಲಿ ಜೀ5ರಲ್ಲಿ ಬಂದ ಆ ಕನ್ನಡ ಸರಣಿಯನ್ನು ನಿರ್ದೇಶಿಸಿದವರು ರಮೇಶ್ ಇಂದಿರಾ, ಮುಖ್ಯ ಪಾತ್ರದಲ್ಲಿ ಖುಷಿ ರವಿ ಇದ್ದಾರೆ, ಕಥೆಯ ನೆಲ ಚಿಕ್ಕಮಗಳೂರಿನ ಕಡೆಯದು. ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಮೂಲಮನೆಯಾದ ನಮ್ಮ ಐನ್‌ಮನೆಯನ್ನು ನಡುವೆ ಇಟ್ಟುಕೊಂಡು ಯಾರಾದರೂ ಆರೇಳು ಕಂತುಗಳ ಸರಣಿ ಮಾಡಿದರೆ ಮೊದಲ ದಿನವೇ ನೋಡುವವರಲ್ಲಿ ನಾನೂ ಒಬ್ಬ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಎಲ್ಲ ಕಡೆಯಿಂದ ಬಂದು ಸೇರುವ ಮಕ್ಕಳು, ಹೊಂದದ ಪಾಲು, ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೀಪದ ಮುಂದೆ ನಿಲ್ಲಲೇಬೇಕಾದ ಗಳಿಗೆ, ಇಷ್ಟಿದ್ದರೆ ಬೇರೆ ಕಥೆ ಬೇಕಿಲ್ಲ.

ಪ್ರಶ್ನೆ: ‘ಥಟ್ ಅಂತ ಹೇಳಿ’ ಇನ್ನೂ ಬರುತ್ತಿದೆಯೇ ಎಂದು ನನ್ನ ಗೆಳತಿ ಆಶ್ಚರ್ಯಪಟ್ಟಳು. ಯಾವಾಗ ಶುರುವಾಯಿತು?
(ಓದುಗರು, ಮಡಿಕೇರಿ)

ಉತ್ತರ: 2002ರಲ್ಲಿ. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ಚಂದನದ ಈ ರಸಪ್ರಶ್ನೆ ಮೂರು ಸಾವಿರ ಕಂತುಗಳನ್ನು ಎಂದೋ ದಾಟಿದೆ. ಗೆದ್ದವರಿಗೆ ಹಣವಲ್ಲ, ಪುಸ್ತಕ ಕೊಡುತ್ತಾರೆ.

ಪ್ರಶ್ನೆ: ಇತ್ತೀಚೆಗೆ ಒಂದು ಧಾರಾವಾಹಿಯಲ್ಲಿ ಕೊಡವ ಕುಟುಂಬದ ಮದುವೆ ತೋರಿಸಿದರು. ಹೋಮ ಹಾಕಿ, ಪುರೋಹಿತರನ್ನು ಕೂರಿಸಿ, ಹುಡುಗಿಗೆ ಮುಂದೆ ನೆರಿಗೆ ಹಿಡಿದು ಸೀರೆ ಉಡಿಸಿದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಸರವಾಯಿತು. ಇದು ಬೇಸರಪಡುವ ವಿಷಯವೇ, ಅಥವಾ ನಾವೇ ಅತಿಯಾಗಿ ನೋಡುತ್ತಿದ್ದೇವೆಯೇ?
(ಓದುಗರು, ಪೊನ್ನಂಪೇಟೆ)

ಉತ್ತರ: ಅತಿಯೇನೂ ಅಲ್ಲ. ಕೊಡಗು ಎಂದರೆ ಮಂಜು, ಹೋಂಸ್ಟೇ, ಹೊಸದಾಗಿ ಮದುವೆಯಾದವರ ಹಾಡು ಎಂದು ತಿಳಿದವರು ಜನರನ್ನು ನೋಡುವುದೇ ಇಲ್ಲ, ಹಿನ್ನೆಲೆಯನ್ನು ಮಾತ್ರ ನೋಡುತ್ತಾರೆ.

ಕೊಡವರ ಮದುವೆಯಲ್ಲಿ ಹೋಮವಿಲ್ಲ, ಪುರೋಹಿತರಿಲ್ಲ. ಮುಕ್ಕಾಲಿಯ ಮೇಲೆ ಕೂತ ವಧುವಿಗೂ ವರನಿಗೂ ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯಿರುವ ಪಾತ್ರೆಯಿಂದ ಹಾಲು ಕುಡಿಸಿ, ಕೈಯಲ್ಲಿ ಹಣವಿಟ್ಟು ಹರಸುತ್ತಾರೆ. ವರ ತೊಡುವುದು ಕುಪ್ಯ ಎಂಬ ಬಿಳಿ ನಿಲುವಂಗಿ. ಉಳಿದ ಗಂಡಸರದ್ದು ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಮುಂದೆ ಬಲಗಡೆಗೆ ಸಿಕ್ಕಿಸಿದ ಪೀಚೆಕತ್ತಿ. ಸೀರೆಯ ನೆರಿಗೆ ಹಿಂದಕ್ಕೆ ಹೋಗುತ್ತದೆ. ಸೆರಗು ಎಡತೋಳಿನ ಕೆಳಗಿನಿಂದ ಬಂದು, ಎದೆಯ ಮೇಲೆ ಹಾದು, ಬಲ ಭುಜದಲ್ಲಿ ಪಿನ್ನಿಗೆ ನಿಲ್ಲುತ್ತದೆ. ಇದನ್ನು ತಿಳಿಯಲು ಗ್ರಂಥ ಹುಡುಕಬೇಕಾಗಿಲ್ಲ, ಪೊನ್ನಂಪೇಟೆಯ ಯಾವುದೇ ಕಲ್ಯಾಣ ಮಂಟಪದ ಬಾಗಿಲಲ್ಲಿ ಒಂದು ಗಂಟೆ ನಿಂತರೆ ಸಾಕು. ‘ಕಾದಂಬರಿ’ಯಿಂದ ಹೆಸರಾದ ಶ್ವೇತಾ ಚೆಂಗಪ್ಪ ಅವರಂಥ ನಮ್ಮ ಜಿಲ್ಲೆಯ ಕಲಾವಿದರು ಇದೇ ಕಿರುತೆರೆಯಲ್ಲಿ ಎಷ್ಟೋ ವರ್ಷಗಳಿಂದ ಇರುವಾಗ ಕೇಳಲು ಜನ ಸಿಗಲಿಲ್ಲ ಎನ್ನುವಂತೆಯೂ ಇಲ್ಲ.

ಹಾಗೆ ತೋರಿಸಿದವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಭಾವಿಸುವುದಿಲ್ಲ. ದಿನಕ್ಕೊಂದು ಕಂತು ಮುಗಿಸಬೇಕಾದ ಸೆಟ್ಟಿನಲ್ಲಿ ಮದುವೆ ಎಂದರೆ ಹೋಮಕುಂಡ ಮೊದಲೇ ಸಿದ್ಧವಿರುತ್ತದೆ, ಸೀರೆ ಉಡಿಸುವವರ ಕೈಗೆ ಒಂದೇ ಬಗೆಯ ನೆರಿಗೆ ರೂಢಿಯಾಗಿರುತ್ತದೆ. ಯಾರೂ ಹೇಳದಿದ್ದರೆ ಮುಂದಿನ ಸಲವೂ ಅದೇ ಕುಂಡ ಹೊರಗೆ ಬರುತ್ತದೆ. ಆದ್ದರಿಂದ ನೀವು ನನಗೆ ಬರೆದ ಪತ್ರವನ್ನೇ ಆ ವಾಹಿನಿಗೂ ಬರೆಯಿರಿ. ಜೊತೆಯಲ್ಲಿ ನಿಮ್ಮ ಅಜ್ಜಿಯ ಮದುವೆಯ ಫೋಟೊದ ಒಂದು ಪ್ರತಿಯನ್ನು, ಸೆರಗಿನ ಪಿನ್ನು ಎದ್ದು ಕಾಣುವಂಥದ್ದನ್ನು, ಲಕೋಟೆಯಲ್ಲಿ ಇಡಿ.